ತೆರೆಯದ ರಿಪೋರ್ಟು

ಲೋಹಿತನಿಗೆ ಫೋನು ಮಾಡಲೇಬಾರದು ಎಂದು ನಾಲ್ಕು ತಿಂಗಳಿಂದ ಹಟ ಹಿಡಿದಿದ್ದ ಕಾಂಚನಾ, ಆ ಮುಂಜಾನೆ ತಾನೇ ಮಾಡಬೇಕಾಯಿತು.

ಬೆಟಗೇರಿಯಲ್ಲಿ ಅವಳು ಕೆಲಸ ಮಾಡುವ ರಕ್ತಪರೀಕ್ಷೆಯ ಲ್ಯಾಬಿಗೆ ಹಿಂದಿನ ದಿನವಷ್ಟೇ ಹೊಸ ಸಾಫ್ಟ್‌ವೇರ್ ಬಂದಿತ್ತು. ರಿಪೋರ್ಟುಗಳು ಫೋಲ್ಡರಿನಲ್ಲಿ ಕಾಣುತ್ತಿದ್ದವು. ಒತ್ತಿದರೆ ‘ಪರ್ಮಿಷನ್ ಡಿನೈಡ್’. ಎದುರಿಗೆ ಬೆಳ್ಳಟ್ಟಿಯ ಹುಚ್ಚವ್ವ. ಮಗಳಿಗೆ ಡೆಂಗ್ಯೂ, ಪಕ್ಕದ ಆಸ್ಪತ್ರೆಯಲ್ಲಿ ಡಾಕ್ಟರು ಪ್ಲೇಟ್‌ಲೆಟ್ ರಿಪೋರ್ಟಿಗೆ ಕಾಯುತ್ತಿದ್ದರು.

“ಜಲ್ದಿ ಕೊಡ ನನ್ನವ್ವಾ.”

ಕೊಡುವುದಾದರೂ ಹೇಗೆ? ಗದಗಿನಲ್ಲಿ ಈ ಕಂಪ್ಯೂಟರ್ ಕೆಲಸ ಬಲ್ಲವನು ಅವಳಿಗೆ ಗೊತ್ತಿದ್ದಂತೆ ಲೋಹಿತನೊಬ್ಬನೇ. ನಾಲ್ಕು ತಿಂಗಳ ಹಿಂದೆ ಹೆಣ್ಣು ನೋಡಲು ಅವಳ ಮನೆಗೆ ಬಂದು, ಉಪ್ಪಿಟ್ಟು ತಿಂದು, ಕದ್ದು ನೋಡಿ ನಕ್ಕು ಹೋದವನು. ಆಮೇಲೆ ಅವನ ಖಬರೇ ಇರಲಿಲ್ಲ.

ಹತ್ತೇ ನಿಮಿಷದಲ್ಲಿ ಬಂದ. ಹೆಲ್ಮೆಟ್ ತೆಗೆಯುವುದನ್ನೂ ಮರೆತು ಕಂಪ್ಯೂಟರಿನ ಮುಂದೆ ಕುಳಿತ.

“ಈ ಸಾಫ್ಟ್‌ವೇರ್ ಕಂಟೇನರ್ ಒಳಗ ಓಡತೈತ್ರಿ, ಡಬ್ಬಿ ಇದ್ದಂಗ. ಒಳಗ ಫೈಲ್ ಬರಿಯೋ ಯೂಸರಿನ ಗುರುತಿನ ನಂಬರ್ ಬ್ಯಾರೆ, ಹೊರಗ ನಿಮ್ಮ ನಂಬರ್ ಬ್ಯಾರೆ. ಅದಕ್ಕ ತಗಿಯಾಕ ಬಿಡವಲ್ದು.”

“ಎಲ್ಲಾರಿಗೂ ಓಪನ್ ಮಾಡಿಬಿಡ್ರಲ್ಲಾ.”

“ರೋಗಿಗಳ ರಿಪೋರ್ಟ್ ಅದಾವ್ರಿ. ಕಂಡಕಂಡವರು ಓದಬಾರದು.”

ಸಾಫ್ಟ್‌ವೇರು ಅವಳ ನಂಬರಿನಲ್ಲೇ ಓಡುವಂತೆ ಮಾಡಿದ. ಬೆಳಗಿನ ಫೈಲುಗಳನ್ನು ಅವಳ ಹೆಸರಿಗೆ ಬದಲಿಸಿದ. ರಿಪೋರ್ಟು ತೆರೆಯಿತು. ಹುಚ್ಚವ್ವ ಕಾಗದ ಹಿಡಿದು ಓಡಿದಳು.

ಅವನು ಈಗ ಹೆಲ್ಮೆಟ್ ತೆಗೆದ. ಕಿವಿಗಳು ಕೆಂಪಾಗಿದ್ದವು. ಕಾಂಚನಾಳಿಗೆ ನಗು ಬಂತು, ಹಿಂದೆಯೇ ಸಿಟ್ಟೂ ಬಂತು.

“ಒಲ್ಲೆ ಅಂತ ಒಂದ ಮಾತ ಹೇಳಬಹುದಿತ್ತು ನೀವು.”

ಅವನು ಗಕ್ಕನೆ ತಿರುಗಿದ. “ಒಲ್ಲೆ ಅಂದವರು ನೀವಲ್ಲೇನ್ರಿ? ಹುಡುಗಿಗೆ ಮನಸಿಲ್ಲ ಅಂತ ನಿಮ್ಮಪ್ಪಾರ ಹೇಳಿ ಕಳಿಸಿದ್ರು.”

“ನನ್ನ ಯಾರೂ ಕೇಳೇ ಇಲ್ಲರಿ.”

ಅವನು ಹೆಲ್ಮೆಟನ್ನು ಮೇಜಿನ ಮೇಲಿಟ್ಟ.

“ಬರೋ ಗುರುವಾರ ಮುಂಡರಗಿಯಾಗ ನನ್ನ ನಿಶ್ಚಯ ಐತ್ರಿ,” ಎಂದ. “ಸೀರಿ ಆರಿಸಿ ಫೋಟೋ ಕಳಿಸ್ಯಾಳ ಆ ಹುಡುಗಿ. ಅಕಿದೇನ್ ತಪ್ಪೈತಿ?”

“ಏನೂ ಇಲ್ಲ.”

“ನಾನರ ನಿಮ್ಮನ್ನ ಒಂದ್ಸಲ ಕೇಳಬೇಕಾಗಿತ್ತು.”

“ಕೇಳಿದ್ರ ಹ್ಞೂಂ ಅಂತಿದ್ದೆ.”

ಅವನು ಎದ್ದು ನಿಂತ.

“ಮತ್ತೊಂದ ಫೈಲ್ ನೋಡಿ ಹೋಗ್ರಿ,” ಎಂದಳು ಕಾಂಚನಾ. “ತಗೀತೈತೋ ಇಲ್ಲೋ.”

ಕುಳಿತ. ತೆರೆಯಿತು.

“ಇದೊಂದು?”

ಅದೂ ತೆರೆಯಿತು. ಎಲ್ಲವೂ ತೆರೆಯುತ್ತವೆಂದು ಇಬ್ಬರಿಗೂ ಗೊತ್ತಿತ್ತು. ಆದರೂ ಅವಳು ಒಂದೊಂದಾಗಿ ಒತ್ತುತ್ತ ಹೋದಳು. ಅವನು ಒಂದೊಂದಕ್ಕೂ “ಬರೋಬರಿ ಐತಿ” ಎನ್ನುತ್ತ ಕುಳಿತ. ಬೆಳಗಿನ ರಿಪೋರ್ಟುಗಳು ಒಟ್ಟು ಹನ್ನೊಂದು. ಹನ್ನೆರಡನೆಯದು ಇರಲಿಲ್ಲ.