ಖಾಲಿ ಬಿಟ್ಟ ಏಳು ತಿಂಗಳು

ಮೀನುಗಾರಿಕೆ ಕಚೇರಿಯ ಬಾಗಿಲಲ್ಲಿ ಕೆಲೆರಾ ಬಂದು ನಿಂತಾಗ ಇಲೈತಿಯಾ ಅವಳನ್ನು ಗುರುತಿಸಲಿಲ್ಲ. ಕೆಲಸಕ್ಕೆ ಸೇರಿದ ಎರಡು ವರ್ಷದಿಂದ ಅವನಿಗೆ ಗೊತ್ತಿದ್ದದ್ದು ಅವಳ ಕೈಬರಹ ಮಾತ್ರ.

"ಇಲೈತಿಯಾ ಅಂದ್ರೆ ನೀನೇನಾ?"

"ಹೌದು."

ಅವಳು ಅವನು ಬರೆದ ವರದಿಯನ್ನು ಮೇಜಿನ ಮೇಲಿಟ್ಟು ಒಂದು ಸಾಲಿನ ಮೇಲೆ ಬೆರಳಿಟ್ಟಳು. ದೋಣಿಯಲ್ಲಿ ಬಂದವಳ ಮುಂಗೈ ಮೇಲೆ ಉಪ್ಪು ಬಿಳಿಯಾಗಿ ಒಣಗಿತ್ತು. "ನಸೇಮೋದ ದಿಬ್ಬದಲ್ಲಿ ಏಳು ತಿಂಗಳು ಒಂದೂ ಚಿಪ್ಪು ಇರ್ಲಿಲ್ಲ ಅಂತ ಬರ್ದಿದ್ದೀಯ. ನೀನು ಬಂದು ನೋಡಿದ್ಯಾ?"

ಹೆಸರು ಕೇಳಬೇಕಾಗಲಿಲ್ಲ. ನಸೇಮೋದವರು ತಮ್ಮ ಹವಳದ ದಿಬ್ಬದಲ್ಲಿ ಯಾರೂ ಏನೂ ಹಿಡಿಯಬಾರದೆಂದು ನಿಷೇಧ ಹಾಕಿ ಆರು ವರ್ಷವಾಗಿತ್ತು. ಅಂದಿನಿಂದ ತಿಂಗಳಿಗೊಮ್ಮೆ ಹತ್ತು ಜಾಗದಲ್ಲಿ ಮುಳುಗಿ, ವಾಸುವಾ ಎನ್ನುವ ದೊಡ್ಡ ಚಿಪ್ಪಿನ ಜೀವಿಗಳನ್ನು ಎಣಿಸಿ ಹಾಳೆ ಕಳಿಸುತ್ತಿದ್ದವಳು ಇವಳೇ. ಅಂಚಿನಲ್ಲಿ ಏನಾದರೂ ಬರೆದಿರುತ್ತಿದ್ದಳು: "ನೀರು ತಣ್ಣಗಿದೆ." "ಆಮೆ ನನ್ನನ್ನೇ ನೋಡುತ್ತಿತ್ತು." ಅವಕ್ಕೆ ಅವನ ಸ್ಪ್ರೆಡ್‌ಶೀಟಿನಲ್ಲಿ ಕಾಲಂ ಇರಲಿಲ್ಲ. ಆದರೂ ಹಾಳೆ ಬಂದಾಗ ಅವನು ಮೊದಲು ಓದುತ್ತಿದ್ದದ್ದು ಅಂಚನ್ನೇ.

ಇನ್ನೊಂದು ಸಂಗತಿ ಅವನಿಗೆ ಮುಳ್ಳಿನಂತೆ ಚುಚ್ಚಿತು. ಅವನ ಊರಿಗೂ ಅವಳ ಊರಿಗೂ ಅಜ್ಜಂದಿರ ಕಾಲದಿಂದ ಗೇಲಿಯ ಸಂಬಂಧ. ಎದುರಾದರೆ ಒಬ್ಬರ ಕಾಲು ಒಬ್ಬರು ಎಳೆಯಲೇಬೇಕು, ಯಾರೂ ಸಿಟ್ಟಾಗುವಂತಿಲ್ಲ. ಅವಳು ಒಂದು ಗೇಲಿಯನ್ನೂ ಮಾಡಿರಲಿಲ್ಲ.

"ಆ ತಿಂಗಳ ಹಾಳೆಗಳು ಖಾಲಿ ಬಂದಿದ್ವು. ನಿನ್ನ ಸಹಿ ಮಾತ್ರ ಇತ್ತು," ಎಂದ.

"ಖಾಲಿ ಇತ್ತು ತಾನೆ? ನಾನು ಸೊನ್ನೆ ಬರ್ದಿದ್ನಾ?"

ಅವನು ಕಂಪ್ಯೂಟರ್ ಕಡೆ ತಿರುಗಿದ. ಒಂದೊಂದು ತಿಂಗಳಿಗೆ ಒಂದೊಂದು ಕಾಲಂ, ಒಟ್ಟು ಎಪ್ಪತ್ತೆರಡು. ವರದಿ ಮಾಡುವಾಗ ಮೊದಲ ಕಾಲಂ ಕೆಳಗೆ ಸರಾಸರಿಯ ಫಾರ್ಮುಲಾ ಬರೆದು, ಮೂಲೆ ಹಿಡಿದು ಬಲಕ್ಕೆ ಎಳೆದುಬಿಟ್ಟಿದ್ದ. ಏಳು ಕಡೆ ಎರರ್ ಬಂದಿತ್ತು. ಅದರಿಂದ ಆರು ವರ್ಷದ ಏರಿಳಿತ ಹೇಳುವ ಕೊನೆಯ ಅಂಕಿಯೂ ಎರರ್ ಆಗಿತ್ತು. ವರದಿ ಅಂದೇ ಹೋಗಬೇಕಿತ್ತು. ಖಾಲಿ ಸೆಲ್‌ಗಳಲ್ಲಿ ಸೊನ್ನೆ ತುಂಬಿದ್ದ. ಎಲ್ಲ ಸರಿಹೋಗಿತ್ತು.

"ಶನಿವಾರ ಊರ ಸಭೆ," ಎಂದಳು. "ನಿನ್ನ ವರದಿ ನೋಡಿ, ದಿಬ್ಬ ಸತ್ತಿದೆ, ಇನ್ಯಾಕೆ ಕಾಯೋದು, ನಿಷೇಧ ತೆಗೆದುಬಿಡೋಣ ಅಂತಿದ್ದಾರೆ. ಒಂದು ವಾರ ತೆರೆದ್ರೆ ಸಾಕು, ಆರು ವರ್ಷದ್ದು ಗುಡಿಸಿಹೋಗತ್ತೆ."

"ಆ ಏಳು ತಿಂಗಳು ಯಾಕೆ ಎಣಿಸ್ಲಿಲ್ಲ?"

ಅವಳು ಕಿಟಕಿಯಾಚೆ, ಸವುಸವು ಪೇಟೆಯ ದೋಣಿಗಳ ಕಡೆ ನೋಡಿದಳು. "ನನ್ನ ತಮ್ಮ ಸೆರುವಾ ನನ್ನ ಜೊತೆ ಅಳತೆ ಪಟ್ಟಿ ಹಿಡೀತಿದ್ದ. ಮೀನಿಗೆ ಅಂತ ಒಬ್ನೇ ಹೋದವನು ವಾಪಸ್ ಬರ್ಲಿಲ್ಲ. ಪ್ರತಿ ತಿಂಗಳೂ ದಡದವರೆಗೆ ಹೋಗ್ತಿದ್ದೆ. ನೀರಿಗೆ ಇಳಿಯೋಕೆ ಆಗ್ತಿರ್ಲಿಲ್ಲ. ಸಹಿ ಹಾಕಿ ಮನೆಗೆ ಬರ್ತಿದ್ದೆ."

ಆ ತಿಂಗಳುಗಳಲ್ಲಿ ಅಂಚೂ ಖಾಲಿಯಿತ್ತು. ಅದು ಅವನ ಕಣ್ಣಿಗೆ ಬಿದ್ದಿತ್ತು, ಬೇಸರವೂ ಆಗಿತ್ತು. ಯಾಕೆಂದು ವಿಚಾರಿಸಿರಲಿಲ್ಲ.

"ತಪ್ಪು ನಂದು. ಕೂತ್ಕೋ," ಎಂದ ಮೆಲ್ಲಗೆ.

ಅವಳು ಪಕ್ಕದ ಕುರ್ಚಿ ಎಳೆದುಕೊಂಡಳು. ಅವನು ಸೊನ್ನೆಗಳನ್ನು ಒಂದೊಂದಾಗಿ ಅಳಿಸಿದ. ಎಣಿಕೆ ಇದ್ದರೆ ಮಾತ್ರ ಸರಾಸರಿ ತೆಗೆ, ಇಲ್ಲದಿದ್ದರೆ ಸುಮ್ಮನಿರು ಎಂದು ಫಾರ್ಮುಲಾ ಬದಲಿಸಿ, ಮೌಸನ್ನು ಅವಳತ್ತ ಸರಿಸಿದ. "ಈ ಮೂಲೆ ಹಿಡಿದು ಬಲಕ್ಕೆ ಎಳಿ."

ಅವಳು ಎಳೆದಳು. ತಿಂಗಳುಗಳು ಒಂದಾದಮೇಲೊಂದು ತುಂಬುತ್ತಾ ಹೋದವು. ಆ ಏಳು ಖಾಲಿ ಮನೆ ಬಂದಾಗ ಅವಳ ಕೈ ಒಂದು ಗಳಿಗೆ ನಿಂತಿತು; ಆಮೇಲೆ ಮುಂದುವರಿಯಿತು. ಕೊನೆಯ ಅಂಕಿ ಮೈನಸ್‌ನಿಂದ ಪ್ಲಸ್‌ಗೆ ತಿರುಗಿತು. ಬಹಳ ಸಣ್ಣ ಪ್ಲಸ್.

"ಇದೇನು, ಕೊನೇ ವರ್ಷ ಕೆಳಗಿನ ಸಾಲಿನ ಅಂಕಿಗಳು ಇಷ್ಟು ಉಬ್ಬಿವೆ?"

"ಸ್ಟ್ಯಾಂಡರ್ಡ್ ಡೀವಿಯೇಶನ್. ಹತ್ತು ಜಾಗದ ಎಣಿಕೆ ಒಂದಕ್ಕೊಂದು ಎಷ್ಟು ದೂರ ಇದೆ ಅಂತ ಹೇಳತ್ತೆ. ಯಾಕೆ ಹೀಗಾಯ್ತೋ ನನಗೂ ಗೊತ್ತಿಲ್ಲ."

"ನನಗ್ಗೊತ್ತು." ಅವಳ ಮುಖದಲ್ಲಿ ಮೊದಲ ಸಲ ನಗು ಇಣುಕಿತು. "ಪಡುವಣದ ನಾಲ್ಕು ಜಾಗಕ್ಕೆ ಚಂಡಮಾರುತದ ಮರಳು ಕೂತಿದೆ, ಅಲ್ಲಿ ಏನೂ ಇಲ್ಲ. ಮೂಡಣದಲ್ಲಿ ಮಾತ್ರ ಕಾಲಿಡೋಕೆ ಜಾಗ ಇಲ್ಲದ ಹಾಗೆ ಮರಿ ಚಿಪ್ಪುಗಳು ಕೂತಿವೆ. ನಿನ್ನ ಸರಾಸರಿ ಎರಡನ್ನೂ ಕಲಸಿಬಿಟ್ಟಿದೆ. ನಿಮ್ಮ ಊರಿನವರ ಅಡುಗೆ ಹಾಗೇ ಅಂತೆ, ಎಲ್ಲಾ ಒಂದೇ ಪಾತ್ರೇಲಿ."

ಕೊನೆಗೂ ಗೇಲಿ ಬಂದಿತ್ತು. ಅವನು ಅವಳ ಕಣ್ಣಂಚಿನ ಗೆರೆಗಳನ್ನೇ ನೋಡುತ್ತಾ ಕೂತ.

ತಿದ್ದಿದ ಪುಟವನ್ನು ಕಳಿಸಿದರೆ ಸಾಕು, ನೀನು ಸಭೆಗೆ ಹೋಗುವುದೇನೂ ಬೇಡ ಎಂದರು ಮೇಲಿನವರು. ಶನಿವಾರ ಬೆಳಿಗ್ಗೆ ಅವನು ಮಾರುಕಟ್ಟೆಯಲ್ಲಿ ಹಿರಿಯರಿಗೆ ಕಾಣಿಕೆ ಇಡುವ ಯಂಗೋನಾ ಬೇರಿನ ಕಟ್ಟೊಂದನ್ನು ಕೊಂಡು ದೋಣಿ ಹತ್ತಿದ.

ನಸೇಮೋದ ಸಭಾಮನೆಯಲ್ಲಿ ಚಾಪೆಯ ಮೇಲೆ ತಲೆ ತಗ್ಗಿಸಿ ಕೂತು, ತಪ್ಪು ಒಪ್ಪಿಕೊಳ್ಳುವವರು ಇಡುವಂತೆ ಬೇರಿನ ಕಟ್ಟನ್ನು ಹಿರಿಯರ ಮುಂದಿಟ್ಟ. ತಾನು ಮಾಡಿದ್ದನ್ನು ಏನೂ ಮುಚ್ಚಿಡದೆ ಹೇಳಿದ. ಗೋಡೆಗೊರಗಿದ್ದ ಮುದುಕರೊಬ್ಬರು, "ಆ ಊರಿನವರಿಗೆ ಎಣಿಸೋಕೆ ಬರಲ್ಲ ಅಂತ ನಮ್ಮಜ್ಜನೇ ಹೇಳಿದ್ದ," ಎಂದರು. ಮನೆಯೆಲ್ಲ ನಕ್ಕಿತು.

ಕೆಲೆರಾಳ ಸೋದರಮಾವ ಎರೋನಿ ಮಾತ್ರ ನಗಲಿಲ್ಲ. ದಿಬ್ಬ ತೆರೆಯಬೇಕು ಎನ್ನುವವರಲ್ಲಿ ಅವರೇ ಮೊದಲಿಗರು.

"ಸರಿ ಕಣಪ್ಪಾ. ಸೊನ್ನೆ ಅಲ್ಲ. ಹಾಗಾದ್ರೆ ಆ ಏಳು ತಿಂಗಳು ಎಷ್ಟಿತ್ತು?"

ಹಿಂದಿನ, ಮುಂದಿನ ತಿಂಗಳು ನೋಡಿ ಒಂದು ಅಂದಾಜು ಹೇಳಬಹುದಿತ್ತು. ಕೆಲೆರಾ ಹೆಂಗಸರ ಸಾಲಿನಿಂದ ಅವನನ್ನೇ ನೋಡುತ್ತಿದ್ದಳು.

"ಗೊತ್ತಿಲ್ಲ ಮಾಮಾ," ಎಂದ. "ಯಾರೂ ಎಣಿಸಿಲ್ಲ. ಎಣಿಸೋ ಸ್ಥಿತೀಲಿ ಯಾರೂ ಇರ್ಲಿಲ್ಲ. ಅದನ್ನ ಖಾಲಿಯಾಗೇ ಬಿಡ್ಬೇಕು."

ಎರೋನಿ ಕೆಲೆರಾಳ ಕಡೆ ನೋಡಿದರು. ಸೆರುವಾ ಈಜು ಕಲಿತದ್ದು ಅವರ ಕೈಯಲ್ಲೇ. ಆಮೇಲೆ ಬೇರಿನ ಕಟ್ಟನ್ನು ತಮ್ಮತ್ತ ಎಳೆದುಕೊಂಡರು; ಅಲ್ಲಿಗೆ ತಪ್ಪು ಮನ್ನಿಸಿದಂತಾಯಿತು. "ಇನ್ನೊಂದು ವರ್ಷ ಕಾಯೋಣ. ಅವಳು ಎಣಿಸ್ಲಿ, ಆಮೇಲೆ ಮಾತಾಡೋಣ."

ಮೂರು ಗಂಟೆಗೆ ದೋಣಿ ಹೊರಡಲು ನಿಂತಿತ್ತು. ಕೆಲೆರಾ ಅವನ ಜೊತೆ ದಡಕ್ಕೆ ಬಂದಳು.

"ಅಂದಾಜು ಹೇಳಿದ್ರೆ ನಾವು ಇನ್ನೂ ಸುಲಭವಾಗಿ ಗೆಲ್ತಿದ್ವಿ," ಎಂದಳು.

"ಹೌದು."

"ಹೇಳಿದ್ರೆ ನಾನು ನಿನ್ನ ಜೊತೆ ಇಲ್ಲಿತನಕ ಬರ್ತಿರ್ಲಿಲ್ಲ." ಕಾಲಿನಿಂದ ಮರಳು ಕೆದಕಿದಳು. "ಒಂದು ಕೇಳ್ಲಾ? ನೀನು ಬಂದದ್ದು ದಿಬ್ಬಕ್ಕೋಸ್ಕರನಾ, ನನಗೋಸ್ಕರನಾ?"

ಅವನ ಕಿವಿ ಬಿಸಿಯಾಯಿತು. "ದಿಬ್ಬಕ್ಕಾದ್ರೆ ಕಾಗದ ಸಾಕಾಗಿತ್ತು."

ಅವಳು ಅವನನ್ನು ನೋಡಿದಳು, ನೀರಿನ ಆಳ ನೋಡುವವರ ಹಾಗೆ, ಅವಸರವಿಲ್ಲದೆ. ದೋಣಿಯವನು ಎಂಜಿನ್ ಶುರುಮಾಡಿ ಕೂಗಿದ. ಮರುದಿನ ಭಾನುವಾರ, ಇದು ಹೋದರೆ ಸೋಮವಾರದವರೆಗೆ ಬೇರೆ ದೋಣಿಯಿಲ್ಲ.

"ನೀವು ಹೊರಡಿ ಅಣ್ಣಾ," ಎಂದು ಕೆಲೆರಾ ಕೈಬೀಸಿದಳು. "ಇವನು ಸೋಮವಾರ ಬರ್ತಾನೆ."

ದೋಣಿ ಚಿಕ್ಕದಾಗುವವರೆಗೂ ಇಬ್ಬರೂ ಅಲ್ಲೇ ನಿಂತಿದ್ದರು. ಮನೆಯ ಕಡೆ ನಡೆಯುವಾಗ ಅವಳ ಬೆರಳು ಅವನ ಬೆರಳಿಗೆ ತಗುಲಿತು; ಅವಳು ಸರಿಸಿಕೊಳ್ಳಲಿಲ್ಲ.

"ನಿಮ್ಮಮ್ಮ ಕೇಳಿದ್ರೆ ನಾನ್ಯಾರು ಅಂತೀಯ?"

"ಹಸಿದಿದ್ದಾನೆ, ಊಟಕ್ಕಿಡು ಅಂತೀನಿ," ಎಂದಳು. "ಮಿಕ್ಕಿದ್ದು ನನ್ನ ಮುಖ ನೋಡಿ ಅಮ್ಮನೇ ತಿಳ್ಕೋತಾಳೆ."