ಇಳಿಯುವಾಗ ನೀನು ಮುಂದೆ

ಸಮಸ್ತ ಓದುಗ ಮಹಾಶಯರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಲಿಫ್ಟ್ ಕಂಪನಿಯೊಂದರ ದೂರು ವಿಭಾಗದಲ್ಲಿ ಕೆಲಸ ಮಾಡುವ ಹುಡುಗಿಯೊಬ್ಬಳು ಒಂದು ಜೊತೆ ಉಣ್ಣೆಯ ಕಾಲುಚೀಲ ಕೊಂಡಳು!

ಇದರಲ್ಲೇನು ಮಹಾ ಎನ್ನಬೇಡಿ. ಕಳೆದ ನಾಲ್ಕು ವರ್ಷಗಳಿಂದ ಟಿವಿಯಲ್ಲಿ ಬೆಟ್ಟ ಕಂಡರೆ ಸಾಕು, ಚಾನೆಲ್ ಬದಲಿಸುತ್ತಿದ್ದವಳು ಅವಳು. ಅಂಥವಳು ಈಗ ಚಳಿಗಾಲದ ಕೊನೆಯ ಹಿಮದ ಮೇಲೆ ಟೆಂಟ್ ಹಾಕಿ ಮಲಗಲು ಹೊರಟಿದ್ದಳು.

ನಡುಮಹಡಿಯಲ್ಲಿ ಸಿಕ್ಕಿಕೊಂಡವರಿಗೆ ಫೋನಿನಲ್ಲೇ ಧೈರ್ಯ ಹೇಳುವುದು ಅವಳ ಕೆಲಸ. "ಗಾಬರಿ ಆಗ್ಬೇಡಿ ಸರ್, ಲಿಫ್ಟ್ ಬೀಳಲ್ಲ, ನಮ್ಮೋರು ಬರ್ತಿದಾರೆ..." ಜನರನ್ನು ನಿಂತಲ್ಲೇ ಮೇಲೆತ್ತುವ ಕಂಪನಿಯ ಸಂಬಳ ತಿಂದು, ಕಾಲ್ನಡಿಗೆಯಲ್ಲಿ ಬೆಟ್ಟ ಹತ್ತುವುದೆಂದರೆ ಅದು ಸ್ವಾಮಿದ್ರೋಹವೇ ಸರಿ!

"ಮನೇಲಿ ಫ್ಯಾನ್ ಹಾಕಿದ್ರೆ ಎರಡು ಕಂಬಳಿ ಕೇಳ್ತೀಯ. ಹಿಮದ ಮೇಲೆ ಮಲಗ್ತಾಳಂತೆ, ಹಿಮದ ಮೇಲೆ!" ಎಂದರು ಅಮ್ಮ.

"ಅದಕ್ಕೇ ಕಾಲುಚೀಲ ತಗೊಂಡಿದೀನಲ್ಲಮ್ಮ."

"ಕಾಲಿಗಾಯ್ತು. ತಲೆಗೇನು ಹಾಕ್ಕೋತೀಯ? ಒಳಗಂತೂ ಏನೂ ಇಲ್ಲ."

ಅಮ್ಮ ಒರೆಸಿದ ಪಾತ್ರೆಯನ್ನು ಕಪಾಟಿನಲ್ಲಿಟ್ಟರು. ಆಮೇಲೆ, ಏನೂ ಅಲ್ಲವೆಂಬಂತೆ, "ಅವನೂ ಬರ್ತಾನಾ?" ಎಂದರು.

"ಯಾವನು?"

"ಯಾವನು ಅಂತ ನನ್ನೇ ಕೇಳು!"

"ಇಲ್ಲಮ್ಮ. ಅವರು ಕ್ಲಬ್ಬಿಗೆ ಬಂದು ಎಷ್ಟೋ ದಿನ ಆಯ್ತಂತೆ. ಮಫ್ಲರ್ ಮಾಮ ಹೇಳಿದಾರೆ. ಇಲ್ದಿದ್ರೆ ನಾನು ಆ ಕಡೆ ತಲೆ ಹಾಕಿ ಮಲಗ್ತಿದ್ನಾ?"

ಮಫ್ಲರ್ ಮಾಮ ಎಂದರೆ ಬೆಟ್ಟ ಹತ್ತುವವರ ಕ್ಲಬ್ಬಿನ ಅಧ್ಯಕ್ಷರು. ಸುಡುಬಿಸಿಲಲ್ಲೂ ಕುತ್ತಿಗೆಯ ಮಫ್ಲರ್ ಬಿಚ್ಚದವರು. ಕ್ಲಬ್ಬಿನ ಕೋಣೆ ಒಂದು ಲಾಂಡ್ರಿಯ ಮೇಲಿನ ಎರಡನೇ ಮಹಡಿಯಲ್ಲಿತ್ತು. ಲಿಫ್ಟ್ ಇರಲಿಲ್ಲ!

ಮೆಟ್ಟಿಲು ಹತ್ತಿ ಬಾಗಿಲು ತಳ್ಳಿದಳು. ಅದೇ ವಾಸನೆ... ನೈಲಾನ್, ಒದ್ದೆ ಉಣ್ಣೆ, ಸ್ಟವ್ವಿನ ಸೀಮೆಎಣ್ಣೆ. ನಾಲ್ಕು ವರ್ಷ ಎಲ್ಲೂ ಹೋಗದೆ ಇಲ್ಲೇ ಕಾದು ಕೂತಿತ್ತೇನೋ ಎಂಬಂತೆ ಮೂಗಿಗೆ ಬಡಿಯಿತು.

ಕಿಟಕಿಯ ಬಳಿ, ಟೆಂಟಿನ ಕೋಲುಗಳನ್ನು ಒಂದಕ್ಕೊಂದು ಸೇರಿಸುತ್ತ ಒಬ್ಬ ನಿಂತಿದ್ದ.

ಅವನೇ!

ಬೆಟ್ಟದ ಬುಡಕ್ಕೂ ಹೋಗುವ ಮುನ್ನವೇ ಅವಳ ಉಸಿರು ಕಟ್ಟಿತು.

ಅವನು ಹಲ್ಲಿನ ಡಾಕ್ಟರು. ಊರಿಗೆಲ್ಲ "ಬಾಯಿ ತೆಗೀರಿ, ಇನ್ನೂ ತೆಗೀರಿ" ಎನ್ನುವ ಮನುಷ್ಯ, ತಾನು ಮಾತ್ರ ಬಾಯಿ ತೆರೆಯುವುದು ಅಪರೂಪ.

"ಬಂದ್ಯಾ ಲಿಫ್ಟು?" ಎಂದ.

ಆ ಅಡ್ಡಹೆಸರು! ಅದನ್ನಿಟ್ಟವನೂ ಅವನೇ, ಕರೆಯುತ್ತಿದ್ದವನೂ ಅವನೊಬ್ಬನೇ.

"ಚೆನ್ನಾಗಿದೀರಾ?" ಎಂದಳು ಅವಳು.

ನಾಲ್ಕು ವರ್ಷದ ಹಿಂದೆ 'ನೀನು' ಆಗಿದ್ದವನು ಇಂದು 'ನೀವು' ಆದ. ನಮ್ಮ ಭಾಷೆಯಲ್ಲಿ ಬಾಗಿಲು ಹಾಕಲು ಬೀಗವೇ ಬೇಕಿಲ್ಲ, ಒಂದು ಬಹುವಚನ ಸಾಕು.

ಅವಳು ಮಾಮನನ್ನು ಮೂಲೆಗೆ ಎಳೆದಳು. "ಬರೋದು ಬಿಟ್ಟಿದಾರೆ ಅಂದ್ರಿ?"

"ಸುಳ್ಳು ಹೇಳಿಲ್ಲಮ್ಮ! ಎಷ್ಟೋ ದಿನದಿಂದ ಬಂದೇ ಇರ್ಲಿಲ್ಲ. ಹೋದ ಭಾನುವಾರ ಬಂದೋನು, ಮತ್ತೆ ಮುಖ ತೋರಿಸ್ತಿರೋದು ಇವತ್ತೇ!"

"ಮಾಮ!"

"ನೋಡು, ಹಿಮದಲ್ಲಿ ಹೊಸಬರ ಹಗ್ಗ ಹಿಡಿಯೋ ಯೋಗ್ಯತೆ ಇರೋರು ಇಲ್ಲಿ ಇಬ್ಬರೇ. ಒಬ್ಬರ ಹಗ್ಗಕ್ಕೆ ಆಗ್ಲೇ ಜನ ಭರ್ತಿ. ಉಳಿದೋನು ಇವನು. ಕಟ್ಕೋತೀಯೋ, ಮನೆಗೆ ಹೋಗಿ ಫ್ರಿಜ್ಜಿನ ಬಾಗಿಲು ತೆಗೆದು ಅದರ ಮುಂದೆ ಕೂತ್ಕೋತೀಯೋ, ನಿನ್ನಿಷ್ಟ."

ವಾಪಸ್ ಹೋಗಿಬಿಡಲೇ? ಆದರೆ ಆ ಬೆಟ್ಟದ ಬಿಳಿ ತುದಿ... ಅದನ್ನು ಇನ್ನೊಮ್ಮೆ ನೋಡದೆ ಇರಲಾರೆ. ಬೆಟ್ಟ ನನಗೇನು ಅನ್ಯಾಯ ಮಾಡಿದೆ? ಮಾಡಿದವನು ಅವನು! ಹಗ್ಗದ ಆ ತುದಿಗೆ ಅವನಿರಲಿ, ಈ ತುದಿಗೆ ನಾನಿರುತ್ತೇನೆ. ಮಧ್ಯೆ ಮಾತೇಕೆ?

"ಸರಿ," ಎಂದಳು, ಹಲ್ಲು ಕಚ್ಚಿ.

ಅಂದಿನಿಂದ ಭಾನುವಾರಗಳೆಲ್ಲ ತಯಾರಿಗೆ ಮೀಸಲಾದವು. ಮುಖ ಗಂಟು ಹಾಕಿಕೊಳ್ಳಲು ಅವಳಿಗೆ ಯಾರ ತರಬೇತಿಯೂ ಬೇಕಿರಲಿಲ್ಲ. ಹಗ್ಗಕ್ಕೆ ಗಂಟು ಹಾಕುವುದನ್ನು ಮಾತ್ರ ಮೊದಲಿಂದ ಕಲಿಯಬೇಕಾಯಿತು.

"ಚಳಿಗಾಲದ ಕೊನೇ ಹಿಮ ಮೋಸಗಾರ," ಎನ್ನುತ್ತಿದ್ದರು ಮಾಮ. "ಬೆಳಗ್ಗೆ ಕಲ್ಲಿನ ಹಾಗಿರುತ್ತೆ, ಮಧ್ಯಾಹ್ನಕ್ಕೆ ಗಂಜಿ. ಬೇಗ ಹತ್ತಿ, ಬೇಗ ಇಳಿದುಬಿಡ್ಬೇಕು. ನೀರಿನ ಬಾಟಲು ಪಕ್ಕದಲ್ಲಿಟ್ಟು ಮಲಗಿದ್ರೆ ಬೆಳಗ್ಗೆ ಬರೀ ಮಂಜುಗಡ್ಡೆ. ಮಲಗೋ ಚೀಲದ ಒಳಗೇ ಇಟ್ಕೊಳ್ಳಿ."

ಬಾಟಲು ಎಂದಾಗ ಅವಳು ತಲೆ ತಗ್ಗಿಸಿದಳು. ನಾಲ್ಕು ವರ್ಷದ ಹಿಂದೆ ಹಿಮದಲ್ಲಿ ಮಲಗೆದ್ದ ಬೆಳಗ್ಗೆ ಅವಳ ಬಾಟಲು ಕಲ್ಲಾಗಿತ್ತು. ಅವನು ಒಂದೂ ಮಾತಾಡದೆ ತನ್ನ ಬಾಟಲನ್ನು ಅವಳ ಕೈಗಿಟ್ಟು ಹೋಗಿದ್ದ. ಅದು ಬೆಚ್ಚಗಿತ್ತು. ರಾತ್ರಿಯಿಡೀ ಅವನ ಮೈಗೊತ್ತಿ ಮಲಗಿದ್ದ ಬಿಸುಪು...

ಕತ್ತೆತ್ತಿದರೆ, ಅವನೂ ಮಾಮನ ಕೈಯಲ್ಲಿದ್ದ ಬಾಟಲನ್ನೇ ನೋಡುತ್ತಿದ್ದ!

ಇಷ್ಟೆಲ್ಲ ಇದ್ದೂ ಹಗ್ಗ ಹರಿದದ್ದು ಹೇಗೆ ಅಂತೀರಾ?

ಆ ಸಲದ್ದು ಅವಳು ಕಂಡ ಮೊದಲ ಹಿಮ. ಹತ್ತುವಾಗ ಅವನು ಮುಂದೆ, ಅವಳು ಹಿಂದೆ. ಅವನು ಬೂಟಿನಿಂದ ಒದ್ದು ಮಾಡಿಟ್ಟ ಗುಳಿಗಳಲ್ಲೇ ಕಾಲಿಡುತ್ತ ಹತ್ತಿದಳು. ಉದ್ದಕಾಲಿನ ಅವನು, ಗುಳಿಗಳನ್ನು ಮಾತ್ರ ಅವಳ ಗಿಡ್ಡ ಕಾಲಿಗೆ ಎಟುಕುವಷ್ಟು ಹತ್ತಿರ ಹತ್ತಿರ ಮಾಡುತ್ತಿದ್ದ. ಅದನ್ನು ಗಮನಿಸಿಯೇ ಅವಳು ನಿರ್ಧರಿಸಿದ್ದು. ಮನಸ್ಸಿನಲ್ಲಿರುವುದನ್ನು ತುದಿಯಲ್ಲಿ ಹೇಳಿಬಿಡುತ್ತೇನೆ!

ತುದಿ ತಲುಪಿದರು. ಬೇರೆ ಹಗ್ಗದವರೂ ಹಿಂದೆಯೇ ಬಂದು ಸೇರಿದರು. ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಮಂಜು ಕವಿಯಿತು.

"ಮೊದ್ಲು ಇಳಿಯೋಣ," ಎಂದಿದ್ದ ಅವನು. "ಇಳಿಯುವಾಗ ನೀನು ಮುಂದೆ."

"ನಾನಾ? ಏನೂ ಕಾಣ್ತಿಲ್ಲ!"

"ಹೋಗು, ಹೋಗು. ಏನೂ ಆಗಲ್ಲ."

ಕೆಳಗೆ ಬಿಳಿ ಪಾತಾಳ. ಕಾಲಿಟ್ಟಲ್ಲೆಲ್ಲ ಜಾರುತ್ತಿತ್ತು. ಅಳುತ್ತಲೇ ಇಳಿದಳು. ಮೇಲೆ ಅವನು ಆರಾಮಾಗಿ ನಿಂತಿದ್ದಾನೆ! ಹಿಮ ಗಟ್ಟಿಯಿದೆಯೋ ಇಲ್ಲವೋ ನೋಡಲು ನನ್ನನ್ನು ಬಿಟ್ಟಿದ್ದಾನೆ! ದಾರಿ ನೆಟ್ಟಗಿದ್ದಾಗ ತಾನು ಮುಂದೆ, ಕೆಟ್ಟಾಗ ನಾನು ಮುಂದೆಯಾ?

ಕೆಳಗಿನ ಬಯಲು ತಲುಪಿದವಳೇ ಸೊಂಟದ ಕೊಂಡಿ ಕಳಚಿ ಹಗ್ಗ ಎಸೆದಳು. ಸಿಕ್ಕ ಮೊದಲ ಗಾಡಿ ಹತ್ತಿ ಮನೆ ಸೇರಿದಳು. ಅವನ ಫೋನ್ ಎತ್ತಲೇ ಇಲ್ಲ.

ಕೊನೆಗೊಂದು ದಿನ ಕಂಪನಿಯ ದೂರಿನ ನಂಬರಿಗೇ ಫೋನ್ ಬಂತು. "ನಮ್ಮ ಕ್ಲಿನಿಕ್ಕಿನ ಲಿಫ್ಟ್ ನಿಂತೋಗಿದೆ..."

ಅದೇ ದನಿ! ಆದರೂ, "ನಿಮ್ಮ ದೂರು ದಾಖಲಾಗಿದೆ, ಧನ್ಯವಾದ," ಎಂದು ಫೋನಿಟ್ಟಳು. ಸಂಜೆ ಮೆಕ್ಯಾನಿಕ್ ಬೈದುಕೊಂಡು ಬಂದ. "ಮೇಡಂ, ಆ ಕ್ಲಿನಿಕ್ ಇರೋದೇ ನೆಲಮಹಡೀಲಿ!"

ತಮಾಷೆ ಬೇರೆ ಮಾಡ್ತಾನೆ, ಎಂದುಕೊಂಡು ಆ ರಾತ್ರಿ ಮತ್ತೊಂದು ಸುತ್ತು ಅತ್ತಿದ್ದಳು.

ಈಗ ಪಯಣಕ್ಕೆ ಒಂದು ವಾರ ಉಳಿದಿತ್ತು. ಅವನು ಟೆಂಟುಗಳನ್ನು ಗಾಳಿಗೆ ಹಾಕಲು ತಾರಸಿಗೆ ಹೋಗಿದ್ದ. ಮಾಮ ಅವಳ ಕೈಗೆ ಸೀಮೆಸುಣ್ಣ ಕೊಟ್ಟು, "ಹಗ್ಗದಲ್ಲಿ ಯಾರು ಮುಂದೆ, ಯಾರು ಹಿಂದೆ, ಹಲಗೆ ಮೇಲೆ ಬರಿ ನೋಡೋಣ," ಎಂದರು.

ಅವಳು ಬರೆದಳು. ಹತ್ತುವಾಗ: ಡಾಕ್ಟರು ಮುಂದೆ, ನಾನು ಹಿಂದೆ. ಇಳಿಯುವಾಗ: ಡಾಕ್ಟರು ಮುಂದೆ, ನಾನು ಹಿಂದೆ.

ಈ ಸಲ ನಾನು ಮೋಸ ಹೋಗಲ್ಲ!

ಮಾಮ ಗಹಗಹಿಸಿ ನಕ್ಕರು. "ಡಾಕ್ಟ್ರನ್ನ ಸಾಯಿಸ್ಬೇಕು ಅಂತಿದ್ರೆ ನೇರವಾಗಿ ಹೇಳಮ್ಮ! ಇಳಿಯುವಾಗ ಗಟ್ಟಿಗ ಮೇಲಿರ್ಬೇಕು. ನೀನು ಜಾರಿದ್ರೆ ಮೇಲಿರೋನು ತಾನೆ ಹಗ್ಗ ಬಿಗಿ ಹಿಡಿಯೋದು? ನೀನು ಅವನ ತಲೆ ಮೇಲಿಂದ ಜಾರಿದ್ರೆ ಇಬ್ಬರೂ ಹೋದ್ರಿ. ಕೆಳಗೆ ನಿಂತು ಕ್ಯಾಚ್ ಹಿಡಿಯೋಕೆ ನೀನೇನು ಕ್ರಿಕೆಟ್ ಬಾಲಾ?"

ಸೀಮೆಸುಣ್ಣ ಅವಳ ಕೈಯಲ್ಲೇ ನಿಂತಿತು.

"ಇದೆಲ್ಲ ನಾಲ್ಕು ವರ್ಷದ ಹಿಂದೇನೇ ಪಾಠ ಮಾಡಿದ್ನಲ್ಲ. ನೀನಿರ್ಲಿಲ್ವಾ?"

"ಅವತ್ತು... ಲಿಫ್ಟಲ್ಲಿ ಒಬ್ಬ ಮದುಮಗ ಸಿಕ್ಕಾಕ್ಕೊಂಡಿದ್ದ ಮಾಮ. ಫೋನ್ ಇಡ್ಬೇಡಿ ಮೇಡಂ ಅಂತ ಅಳ್ತಿದ್ದ. ಬರೋಕಾಗ್ಲಿಲ್ಲ."

"ಹೊರಗೆ ತೆಗೆಸಿದ್ಯಾ? ಪಾಪ, ತಪ್ಪಿಸ್ಕೊಳ್ಳೋಕೆ ಅವನಿಗಿದ್ದ ಕೊನೇ ಅವಕಾಶ!"

ಅವಳು ನಗಲಿಲ್ಲ. "ಮಾಮ... ಕೊನೇಲಿ ಇಳಿಯೋನಿಗೆ? ಅವನ ಹಗ್ಗ ಮೇಲಿಂದ ಯಾರು ಹಿಡಿಯೋದು?"

"ಅವನಿಗೆ ಯಾರೂ ಇಲ್ಲಮ್ಮ," ಎಂದರು ಮಾಮ, ದನಿ ತಗ್ಗಿಸಿ. "ಅದಕ್ಕೇ ಗಟ್ಟಿಗನೇ ಕೊನೇಲಿ ಬರೋದು."

ಅವನಿಗೆ ಯಾರೂ ಇಲ್ಲ...

ಅವಳು ತಾರಸಿಗೆ ಓಡಿದಳು.

ನೀರಿನ ಟ್ಯಾಂಕುಗಳ ನಡುವೆ ಕಟ್ಟಿದ ಹಗ್ಗದ ಮೇಲೆ ಟೆಂಟಿನ ಬಟ್ಟೆಗಳು ಗಾಳಿಗೆ ಉಬ್ಬುತ್ತಿದ್ದವು. ಅವನು ಒಂದರ ಹೊಲಿಗೆಗೆ ಮೇಣ ಹಚ್ಚುತ್ತಿದ್ದ.

"ಇಳಿಯುವಾಗ ಯಾಕೆ ಮುಂದೆ ಕಳಿಸ್ತಾರೆ ಅಂತ ನಂಗೆ ಯಾಕೆ ಹೇಳಿಲ್ಲ?" ಅವಳಿಗೆ ಏದುಸಿರು.

ಅವನು ಕಕ್ಕಾಬಿಕ್ಕಿಯಾದ. "ಪಾಠದಲ್ಲಿ ಮಾಮ ಹೇಳಿರ್ತಾರೆ ಅನ್ಕೊಂಡಿದ್ದೆ... ನಿಂಗೆ ಗೊತ್ತಿರ್ಲಿಲ್ವಾ? ಅದಕ್ಕಾ ಹೋಗಿದ್ದು?"

"ಹೂಂ."

"ನಾನು ಏನೇನೋ ಅನ್ಕೊಂಡೆ. ನಿಂಗೆ ನಾನೇ ಬೇಡ್ವೇನೋ ಅಂತ. ಫೋನ್ ಎತ್ತಲಿಲ್ಲ. ಕಂಪನಿಗೆ ಮಾಡಿದ್ರೆ, ದೂರು ದಾಖಲಾಗಿದೆ ಅಂದೆ."

ಅವಳು ನಗುತ್ತಲೇ ಕಣ್ಣೊರೆಸಿಕೊಂಡಳು.

"ನಾನು ಇಳಿದ ಮೇಲೆ..." ಎಂದಳು. "ನೀನು ಒಬ್ಬನೇ ಹೇಗೆ ಬಂದೆ?"

'ನೀವು' ಯಾವಾಗ ಕರಗಿತೋ ಅವಳಿಗೂ ತಿಳಿಯಲಿಲ್ಲ. ಅವನಿಗೆ ತಿಳಿಯಿತು.

"ನಿಧಾನಕ್ಕೆ. ಹಗ್ಗ ಸುತ್ಕೊಂಡು ಸುತ್ಕೊಂಡು ಬಂದೆ. ತುದೀಲಿ ನೀನಿರ್ತೀಯ ಅನ್ಕೊಂಡಿದ್ದೆ. ಬರೀ ಗಂಟಿತ್ತು."

ಅವಳು ಮುಖ ಮುಚ್ಚಿಕೊಂಡಳು. ಆ ಮಂಜಿನಲ್ಲಿ, ಹಿಡಿಯುವವರಿಲ್ಲದೆ ಇಳಿದು ಬಂದು, ಒಂಟಿ ಗಂಟನ್ನು ಕೈಯಲ್ಲಿ ಹಿಡಿದು ನಿಂತ ಅವನು... ನಾಲ್ಕು ವರ್ಷ ತಾನು ಅತ್ತಿದ್ದು ಯಾರಿಗಾಗಿ?

"ಲಿಫ್ಟು, ಅಳ್ಬೇಡ. ಊರಿಗೆಲ್ಲ ಬಾಯಿ ತೆಗೀರಿ ಅಂತೀನಿ. ಇವತ್ತು ನಾನೇ ತೆಗೀತೀನಿ." ಅವನು ಮೇಣದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. "ನನ್ನ ಮದುವೆ ಆಗ್ತೀಯಾ?"

ಅವಳು ಬೆರಳ ಸಂದಿಯಿಂದ ನೋಡಿದಳು. "ನೋವಾಗುತ್ತಾ ಡಾಕ್ಟ್ರೇ?"

"ಕುರ್ಚೀಲಿ ಕೂತೋರಿಗೆಲ್ಲ ಆಗಲ್ಲ ಅಂತ ಸುಳ್ಳು ಹೇಳ್ತೀನಿ. ನಿಂಗೆ ಹೇಳಲ್ಲ. ಸ್ವಲ್ಪ ಆಗುತ್ತೆ."

"ಹಾಗಾದ್ರೆ ಆಗ್ತೀನಿ."

ಬಾಗಿಲ ಬಳಿ ಚಹಾದ ಲೋಟಗಳು ಕಿಣಿಕಿಣಿ ಎಂದವು. ಮಫ್ಲರ್ ಮಾಮ! ಅವರ ಮುಖ ಊರಗಲ ಅರಳಿತು. ಮರುಕ್ಷಣವೇ ಬಾಡಿತು.

"ಅಯ್ಯೋ, ಎಂಥ ಕೆಲಸ ಮಾಡಿಬಿಟ್ರಿ!"

"ಏನಾಯ್ತು ಮಾಮ?"

ಮಾಮ ಲೋಟ ಕೆಳಗಿಟ್ಟು, ಮಫ್ಲರ್ ಸರಿಮಾಡಿಕೊಂಡು, ನ್ಯಾಯಾಧೀಶರ ದನಿಯಲ್ಲಿ ಹೇಳಿದರು. "ಪತಿ-ಪತ್ನಿಯರಾಗಲಿ, ವಿವಾಹ ನಿಶ್ಚಯವಾದವರಾಗಲಿ, ಹಿಮದಲ್ಲಿ ಒಂದೇ ಹಗ್ಗಕ್ಕೆ ಕಟ್ಟಿಕೊಳ್ಳತಕ್ಕದ್ದಲ್ಲ. ಕ್ಲಬ್ಬಿನ ನಿಯಮ."

"ಇದ್ಯಾವ ನಿಯಮ?"

"ನಾನೇ ಮಾಡಿದ್ದು! ನಿಮ್ಮತ್ತೆ ಮತ್ತು ನಾನು ಒಂದೇ ಹಗ್ಗದಲ್ಲಿ ಹೋಗಿದ್ವಿ. ಅರ್ಧ ಇಳಿಜಾರಲ್ಲಿ ಜಗಳ ಶುರುವಾಯ್ತು. ಇಬ್ಬರೂ ಸೊಂಟದ ಮೇಲೆ ಕೈಯಿಟ್ಕೊಂಡ್ವಿ, ಹಗ್ಗ ಹಿಡಿದೋರು ಯಾರೂ ಇಲ್ಲ!"

"ಇನ್ನೊಂದು ಹಗ್ಗ?"

"ಭರ್ತಿ ಅಂದ್ನಲ್ಲ."

"ಮಾಮ, ನಾವು ಜಗಳ ಆಡಿ ಮಾತು ಬಿಟ್ಟಿದೀವಿ ಅಂತಿಟ್ಕೊಳ್ಳಿ. ಒಂದು ವಾರ ಅಷ್ಟೇ!"

"ನಾಲ್ಕು ವರ್ಷ ಬಿಟ್ಟಿದ್ದು ಸಾಲ್ದಾ? ನೀನಿಲ್ದೆ ಇವನೂ ಹೋಗಲ್ಲ, ಇವನ ಮುಖ ನೋಡಿದ್ರೇ ಗೊತ್ತಾಗುತ್ತೆ. ಮುಂದಿನ ವಾರ ಬಿಟ್ರೆ ಹಿಮ ಕರಗಿಹೋಗುತ್ತೆ. ಏಳು ದಿನ ಬಾಯಿ ಮುಚ್ಕೊಂಡಿರೋಕೆ ಆಗ್ಲಿಲ್ವೇನ್ರೋ!" ಗೊಣಗುತ್ತ, ಮೂಗು ಒರೆಸಿಕೊಳ್ಳುತ್ತ ಮಾಮ ಕೆಳಗಿಳಿದರು.

ತಾರಸಿಯಲ್ಲಿ ಗಾಳಿ ಮಾತ್ರ ಉಳಿಯಿತು. ಅವಳು ಅವನತ್ತ ತಿರುಗಿದಳು.

"ನಿಂಗೆ ಈ ನಿಯಮ ಗೊತ್ತಿತ್ತಾ?"

"ಹೂಂ."

"ಯಾವಾಗಿಂದ?"

"ಆಗಿಂದ್ಲೂ." ಅವನು ಟೆಂಟಿನ ಬಟ್ಟೆಯನ್ನು ಹಗ್ಗದಿಂದ ಇಳಿಸಿದ. "ಅವತ್ತು ತುದೀಲಿ ನೀನು ಏನೋ ಹೇಳೋಕೆ ಹೋದೆ. ನಂಗೆ ಅರ್ಥ ಆಗಿತ್ತು. ಕೇಳಿಸ್ಕೊಂಡು ಹೂಂ ಅಂದಿದ್ರೆ, ನಿಯಮದ ಪ್ರಕಾರ ನಿನ್ನ ಹಗ್ಗ ಬೇರೆಯವರ ಕೈಗೆ ಕೊಡ್ಬೇಕಿತ್ತು. ಅಂಥ ಮಂಜಲ್ಲಿ... ಯಾರನ್ನೂ ನಂಬೋಕೆ ಆಗ್ಲಿಲ್ಲ. ಅದಕ್ಕೇ ಮೊದ್ಲು ಇಳಿಯೋಣ ಅಂದೆ."



"ಮತ್ತೆ ಇವತ್ತು ಯಾಕೆ ಹೇಳ್ದೆ?"

"ಹೋದ್ಸಲ ಹಗ್ಗ ಉಳಿಸ್ಕೊಂಡು ನಿನ್ನ ಕಳ್ಕೊಂಡೆ. ಈ ಸಲ ಹಗ್ಗ ಹೋದ್ರೆ ಹೋಗ್ಲಿ ಅನ್ನಿಸ್ತು." ಅವನು ಬಟ್ಟೆಯ ಒಂದು ಅಂಚನ್ನು ಅವಳತ್ತ ಚಾಚಿದ. "ಹಿಡ್ಕೋ. ಮಡಚಿಡೋಣ."

ಇಬ್ಬರೂ ಎರಡು ಕಡೆ ಹಿಡಿದರು. ಮಡಚಿದರು. ಹತ್ತಿರ ಬಂದರು. ಮತ್ತೆ ಮಡಚಿದರು. ಆಳೆತ್ತರದ ಟೆಂಟು ದಿಂಬಿನಷ್ಟಾಯಿತು.

"ಇನ್ನೊಂದು ಸಲ," ಎಂದ ಅವನು.

"ಆಯ್ತಲ್ಲೋ! ಇನ್ನೆಷ್ಟು ಮಡಚ್ತೀಯ?"

"ನೀನು ಇಲ್ಲಿಗೆ ಬರೋವರೆಗೂ."