ಅವರ ಮನೆಯ ನೀರು

"ಭಾರತೀ..."

ಮಸ್ಕಿ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದ ಸಿಂಧನೂರು ಬಸ್ಸಿನ ಕಿಟಕಿ ಕೆಳಗಿನಿಂದ ಬಂದ ಆ ದನಿಗೆ ಅವಳ ಜೀವ ಝಲ್ಲೆಂದಿತು. ವಿರೇಶ! ಮೂರು ವರ್ಷದ ಮೇಲೆ!

ಮಡಿಲಲ್ಲಿ ಮಲಗಿದ್ದ ಮಗಳ ಮೇಲೆ ಸೆರಗು ಎಳೆದಳು. ಬಸ್ಸು ಬೇಗ ಬಿಡಬಾರದೇ ಎಂದು ಒಂದು ಮನಸ್ಸು. ಬಿಟ್ಟೇಬಿಟ್ಟರೆ... ಎಂದು ಇನ್ನೊಂದು.

"ಆವತ್ತ ಇಲ್ಲೇ ಸಂಜಿತನಕ ಕುಂತಿದ್ದೆ. ಯಾಕ ಬರ್ಲಿಲ್ಲ ನೀ?" ಅವಳು ಕೇಳಿದಳು.

"ಬಂದಿದ್ದೆ."

"ಸುಳ್ಳ!"

"ಹಣ್ಣಿನ ಬಂಡಿ ಹಿಂದ ನಿಂತಿದ್ದೆ. ನಿನ್ನ ಕೈ ನೋಡಿದೆ. ಕೈತುಂಬ ಹಸ್ರ ಬಳಿ..."

ಸಾಲಗುಂದದಲ್ಲಿ ಅವಳ ಅಪ್ಪ ಅಯ್ಯಪ್ಪನ ಗದ್ದೆ ಕಾಲುವೆಯ ಮೇಲ್ಗಡೆ, ಇವನ ಅಪ್ಪ ಕನಕರಾಯನದು ಕೊನೆಗೆ. ನೀರಿನ ಪಾಳಿಗಾಗಿ ಒಂದು ಬೇಸಿಗೆ ಸಲಿಕೆಗಳೆದ್ದವು, ತಲೆಗಳೊಡೆದವು. ಅಂದಿನಿಂದ ಎರಡೂ ಮನೆಗೆ ಆಣೆ: ಅವರ ಮನೆಯ ಹನಿ ನೀರೂ ಬಾಯಿಗೆ ಬೀಳಕೂಡದು! ಆ ಆಣೆಯ ನಡುವೆಯೇ ಇವರಿಬ್ಬರ ಪ್ರೀತಿ ಹುಟ್ಟಿತ್ತು. ಅಯ್ಯಪ್ಪ ಲಿಂಗಸುಗೂರಿನ ಗಂಡನ್ನು ಗೊತ್ತು ಮಾಡಲು ಹೊರಟಾಗ, ಮಸ್ಕಿಯಲ್ಲಿ ಕೂಡಿ ಓಡಿಹೋಗೋಣವೆಂದು ಮಾತಾಡಿಕೊಂಡಿದ್ದರು.

"ಮದುವಿ ಗೊತ್ತಾದಾಕಿಗೆ ತಾನೇ ಹಸ್ರ ಬಳಿ ಇಡಸೋದು? ಲಿಂಗಸುಗೂರಿನವರಿಗೆ ಒಪ್ಪಿಬಿಟ್ಟೀಯಂತ ತಿಳ್ಕೊಂಡೆ. 'ಆ ಮನ್ಯಾಗ ಹುಟ್ಟಿದವ್ರನ್ನ ನಂಬಬ್ಯಾಡಲೇ' ಅಂತ ಅಪ್ಪ ದಿನಾ ಅಂತಿದ್ದ. ಅದೇ ಮಾತು ಕಿವ್ಯಾಗ ಗುಂಯ್ ಅಂತು. ತಿರುಗಿ ಹೋದೆ."

ಭಾರತಿ ಕಿಟಕಿಯತ್ತ ಬಾಗಿದಳು.

"ಹುಚ್ಚ! ಅವು ನಿನ್ನ ಹೆಸರಿನ ಬಳಿ! ನಮ್ಮ ಮದುವಿಗೆ ಬಳಿ ಇಡಸಾಕ ಯಾರಿದ್ರು? ಚಾಂದ್‌ಬೀ ಬಳಿ ಅಂಗಡ್ಯಾಗ ನಾನ ಕುಂತು ಇಡಿಸ್ಕೊಂಡೆ. 'ಯಾರ ಮನಿ ಸೊಸಿ ಆಗಾಕತ್ತೀಯವ್ವ?' ಅಂದ್ಲು. ಕನಕರಾಯಪ್ಪನ ಮನಿ ಅಂದೆ... ಜೋರಾಗೇ ಅಂದೆ!"

ವಿರೇಶ ಕಿಟಕಿಯ ಕಂಬಿ ಹಿಡಿದ.

"ಒಂದ ಮಾತು ಕೇಳಬೇಕಿತ್ತಲ್ಲೋ... ಸಂಜಿಕ ಅಪ್ಪನ ಮಂದಿ ಬಂದು ಎಳ್ಕೊಂಡ ಹೋದ್ರು, ಲಿಂಗಸುಗೂರಿಗೇ ಕೊಟ್ರು. ಆ ಬಳಿ ಒಂದೂ ಉಳೀಲಿಲ್ಲ."

'ದೇವರೇ, ನನ್ನ ಕೈ ಕಂಡವನಿಗೆ ನನ್ನ ಕಣ್ಣು ಕಾಣಲಿಲ್ಲವೇ? ಬಾಗಿಲ ಕಡೆಗೇ ನೋಡುತ್ತ ಕೂತಿದ್ದೆನಲ್ಲ!'

"ತಪ್ಪಾತು ಭಾರತಿ... ಅಪ್ಪನ ದ್ವೇಷ ನನ್ನೊಳಗೂ ಇತ್ತು. ನನಗ ಗೊತ್ತಿರಲಿಲ್ಲ."

ಕಂಡಕ್ಟರ್ ಸೀಟಿ ಊದಿದ. ಸದ್ದಿಗೆ ಮಗು ಎಚ್ಚೆತ್ತು ಅಳತೊಡಗಿತು. ಭಾರತಿ ಗಡಬಡಿಸಿ ಚೀಲ ತಡಕಾಡಿದಳು. ಅವಳ ನೀರಿನ ಬಾಟಲಿ ಖಾಲಿ!

ಅವನ ಹೆಗಲ ಚೀಲದಲ್ಲಿದ್ದ ಬಾಟಲಿ ಕಂಡು ಕಿಟಕಿಯಿಂದ ಕೈ ಚಾಚಿದಳು. "ನಿನ್ನ ಬಾಟ್ಲಿ ಕೊಡು."

ವಿರೇಶ ಹಿಂಜರಿದ. "ನಮ್ಮ ಮನಿಂದ ತುಂಬಿಕೊಂಡ ಬಂದಿದ್ದು..."

"ಗೊತ್ತೈತಿ. ಕೊಡು ಅಂದ್ರ ಕೊಡು!"

ಮೊದಲು ಮಗಳಿಗೆ ಕುಡಿಸಿದಳು. ಆಮೇಲೆ ತಾನು ಗಟಗಟನೆ ಕುಡಿದಳು. ನೀರಿಗೆ ಕಣ್ಣೀರೂ ಬೆರೆಯಿತು. ಬಸ್ಸು ಸರಿಯಿತು. ಅವನೂ ಕಂಬಿ ಬಿಡದೆ ನಾಲ್ಕು ಹೆಜ್ಜೆ ಓಡಿದ.

"ಹೆಂಗೈತಿ, ಭಾರತಿ?"

"ನಮ್ಮ ಮನಿ ನೀರಿದ್ದಂಗ ಐತಿ, ವಿರೇಶ..."